ಬಸಿರಿನ ಬೆನ್ನಿಗೆ ಬರುವ ಕ್ಯಾನ್ಸರ್

ಕ್ಯಾನ್ಸರ್ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಆಡುವವರು ಕಡಮೆ. ಹಿರಿಯರು ಅದನ್ನು ಏಡಿಗಂತಿ ಎಂದರು. ಪುಸ್ತಕದವರು ಅರ್ಬುದ ಎಂದರು. ಹೆಸರು ಯಾವುದಾದರೂ ಹೇಳುವುದು ದನಿ ತಗ್ಗಿಸಿಯೇ. ಅದರೊಡನೆ "ಹರಡಿದೆಯಂತೆ" ಎಂಬ ಇನ್ನೊಂದು ಮಾತು ಸೇರಿಬಿಟ್ಟರಂತೂ ಮನೆಯವರು ಅಲ್ಲಿಗೇ ಆಸೆ ಬಿಟ್ಟುಬಿಡುತ್ತಾರೆ. ಅನೇಕ ಕ್ಯಾನ್ಸರುಗಳ ವಿಷಯದಲ್ಲಿ ಈ ಭಯ ಆಧಾರವಿಲ್ಲದ್ದೇನೂ ಅಲ್ಲ. ಆದರೆ ಗರ್ಭಕೋಶದಲ್ಲಿ ಹುಟ್ಟುವ ಒಂದು ಅಪರೂಪದ ಕ್ಯಾನ್ಸರ್ ಇದೆ. ಹರಡುವುದರಲ್ಲಿ ಅದು ಬಹಳ ಚುರುಕು. ಆದರೂ ಹರಡಿದ ಮೇಲೆ ಕೂಡ ಗುಣವಾಗುವ ರೋಗಗಳಲ್ಲಿ ಅದು ಮೊದಲ ಸಾಲಿನದು. ಅದನ್ನು ಗುರುತಿಸುವ ಬಗೆ ಯಾವುದು, ಹರಡಿದ ಮೇಲೆ ವೈದ್ಯರು ಏನು ಮಾಡುತ್ತಾರೆ, ಮನೆಯವರು ಮಾಡಬೇಕಾದದ್ದೇನು ಎಂಬ ಮೂರು ಸಂಗತಿಗಳನ್ನು ಈ ಭಾಷಣದಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ವೈದ್ಯರು ಈ ರೋಗವನ್ನು ಕೋರಿಯೋಕಾರ್ಸಿನೋಮಾ ಎನ್ನುತ್ತಾರೆ. ಹೆಸರು ಉದ್ದವಾಯಿತೆಂದು ಅಂಜಬೇಡಿ. ನಾವು ಮಾಸಿನ ಕ್ಯಾನ್ಸರ್ ಎಂದು ಕರೆಯೋಣ. ಮಾಸು ಎಂದರೇನೆಂದು ಹೆತ್ತ ತಾಯಂದಿರಿಗೆ ಹೇಳಬೇಕಾಗಿಲ್ಲ. ಮಗು ಹುಟ್ಟಿದ ಮೇಲೆ ಹಿಂದಿನಿಂದ ಬೀಳುವ ಕಸ ಅದು. ತಾಯಿಯ ರಕ್ತದಿಂದ ಆಹಾರವನ್ನೂ ಪ್ರಾಣವಾಯುವನ್ನೂ ಪಡೆದು ಒಂಬತ್ತು ತಿಂಗಳ ಕಾಲ ಮಗುವಿಗೆ ಮುಟ್ಟಿಸುವ ಅಂಗ ಇದೇ. ಈ ಕೆಲಸ ನಡೆಯಬೇಕಾದರೆ ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯನ್ನು ಕೊರೆದು, ರಕ್ತನಾಳಗಳ ಬಾಯಿ ತೆರೆದು, ಅಲ್ಲಿ ಬೇರೂರಬೇಕು. ಬೇಗ ಬೇಗ ಹೆಚ್ಚಬೇಕು. ಕೊರೆಯುವುದು, ಬೇರೂರುವುದು, ಬೇಗ ಹೆಚ್ಚುವುದು — ಇವು ಕ್ಯಾನ್ಸರಿನ ಗುಣಗಳೂ ಹೌದಲ್ಲವೆ? ವ್ಯತ್ಯಾಸ ಇಷ್ಟೇ: ಆರೋಗ್ಯವಂತ ಮಾಸು ಒಂದು ಮೇರೆಯವರೆಗೆ ಹೋಗಿ ನಿಲ್ಲುತ್ತದೆ, ಹೆರಿಗೆಯಾದೊಡನೆ ಕಳಚಿ ಬೀಳುತ್ತದೆ. ಆ ಮೇರೆ ತಪ್ಪಿ, ಹೆರಿಗೆಯೋ ಗರ್ಭಪಾತವೋ ಆದ ಮೇಲೂ ಅದರ ಕೆಲವು ಜೀವಕೋಶಗಳು ಒಳಗೇ ಉಳಿದು ಅಂಕೆಯಿಲ್ಲದೆ ಬೆಳೆದರೆ ಅದೇ ಮಾಸಿನ ಕ್ಯಾನ್ಸರ್.

ಇದು ಅಪರೂಪದ ರೋಗವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯುರೋಪು, ಅಮೆರಿಕಗಳಲ್ಲಿ ಸುಮಾರು 40,000 ಬಸಿರುಗಳಿಗೆ ಒಂದು ಎಂದು ಲೆಕ್ಕ. ಏಷ್ಯದ ಕೆಲವು ದೇಶಗಳಲ್ಲಿ ಇದಕ್ಕಿಂತ ಹೆಚ್ಚು. ಆದ್ದರಿಂದ ನನ್ನ ಮಾತು ಕೇಳಿ ಪ್ರತಿಯೊಬ್ಬ ಬಾಣಂತಿಯೂ ಹೆದರಬೇಕಾಗಿಲ್ಲ. ಆದರೆ ಅಪರೂಪವೆಂಬ ಕಾರಣಕ್ಕೇ ಅದು ಮನೆಯವರ ನೆನಪಿಗೆ ಬರುವುದಿಲ್ಲ. ಕೆಲವು ಸಲ ವೈದ್ಯರ ನೆನಪಿಗೂ ತಡವಾಗಿ ಬರುತ್ತದೆ.

ಈ ಕ್ಯಾನ್ಸರಿನಲ್ಲಿ ಸುಮಾರು ಅರ್ಧ ಪಾಲು ಒಂದು ಬಗೆಯ ಕೆಟ್ಟ ಬಸಿರಿನ ಬೆನ್ನಿಗೆ ಬರುತ್ತದೆ. ಆ ಬಸಿರಿನಲ್ಲಿ ಮಗು ಬೆಳೆಯುವುದಿಲ್ಲ. ಮಾಸು ಮಾತ್ರ ನೀರು ತುಂಬಿದ ಗುಳ್ಳೆಗಳಾಗಿ ದ್ರಾಕ್ಷಿಯ ಗೊಂಚಲಿನಂತೆ ಬೆಳೆಯುತ್ತದೆ. ವೈದ್ಯರು ಇದನ್ನು ಮೋಲ್ ಎನ್ನುತ್ತಾರೆ. ನಾವು ದ್ರಾಕ್ಷಿಬಸಿರು ಎನ್ನೋಣ. ಮುಟ್ಟು ನಿಂತಿರುತ್ತದೆ, ವಾಂತಿ ವಿಪರೀತವಾಗಿರುತ್ತದೆ, ಹೊಟ್ಟೆ ತಿಂಗಳಿಗೆ ಮೀರಿ ದೊಡ್ಡದಾಗಿರಬಹುದು. ಎರಡನೆಯ ಮೂರನೆಯ ತಿಂಗಳಲ್ಲಿ ರಕ್ತಸ್ರಾವ ತೊಡಗುತ್ತದೆ. ಈಗ ಸ್ಕ್ಯಾನ್ ಮಾಡುವುದರಿಂದ ಈ ಲಕ್ಷಣಗಳೆಲ್ಲ ಕಾಣಿಸಿಕೊಳ್ಳುವ ಮೊದಲೇ ಅನೇಕ ಸಲ ವಿಷಯ ತಿಳಿದುಬಿಡುತ್ತದೆ. ಆಗ ಗರ್ಭಕೋಶವನ್ನು ಯಂತ್ರದಿಂದ ಹೀರಿ ಶುದ್ಧಮಾಡುತ್ತಾರೆ. ನಮ್ಮ ಹೆಂಗಸರು ಇದನ್ನು "ಕ್ಲೀನ್ ಮಾಡಿಸುವುದು" ಎನ್ನುತ್ತಾರೆ. ಬಹಳ ಮಂದಿಗೆ ಅಲ್ಲಿಗೇ ಎಲ್ಲ ಮುಗಿಯುತ್ತದೆ. ಆದರೆ ಪೂರ್ಣ ಸ್ವರೂಪದ ದ್ರಾಕ್ಷಿಬಸಿರಾದ 100 ಮಂದಿಯಲ್ಲಿ 15ರಿಂದ 20 ಮಂದಿಗೆ ಉಳಿದ ಜೀವಕೋಶಗಳು ಮತ್ತೆ ಬೆಳೆಯತೊಡಗುತ್ತವೆ. ಅವರಿಗೆ ಔಷಧಿ ಬೇಕಾಗುತ್ತದೆ. ಅವರಲ್ಲಿ ನಿಜವಾದ ಕೋರಿಯೋಕಾರ್ಸಿನೋಮಾಕ್ಕೆ ತಿರುಗುವುದು ಕೆಲವರಿಗೆ ಮಾತ್ರ. ಮಿಕ್ಕ ಅರ್ಧ ಪಾಲು ರೋಗಿಗಳಿಗೆ ಇದು ಬರುವುದು ಸಾಮಾನ್ಯ ಗರ್ಭಪಾತದ ಅಥವಾ ಸುಖಪ್ರಸವದ ಅನಂತರ. ಹಾಗೆ ಬಂದಾಗ ಯಾರೂ ನಿರೀಕ್ಷಿಸಿರುವುದಿಲ್ಲವಾದ್ದರಿಂದ ತಡವಾಗುವುದೂ ಹೆಚ್ಚು.

ಇಲ್ಲಿ ಒಂದು ಮಾತನ್ನು ಅತ್ತೆಯಂದಿರೂ ಗಂಡಂದಿರೂ ಕಿವಿಗೊಟ್ಟು ಕೇಳಬೇಕು. ದ್ರಾಕ್ಷಿಬಸಿರು ಆದವಳನ್ನು "ಏನು ತಿಂದಳೋ, ಎಲ್ಲಿ ಅಡ್ಡಾಡಿದಳೋ" ಎಂದು ಆಡಿಕೊಳ್ಳುವುದುಂಟು. ಪೂರ್ಣ ದ್ರಾಕ್ಷಿಬಸಿರಿನ ವರ್ಣತಂತುಗಳೆಲ್ಲ ತಂದೆಯ ಕಡೆಯಿಂದ ಬಂದವು, ತಾಯಿಯ ಪಾಲು ಅದರಲ್ಲಿಲ್ಲ ಎಂಬುದನ್ನು ಜಪಾನಿನ ವಿಜ್ಞಾನಿಗಳು 1977ರಲ್ಲಿ ತೋರಿಸಿಕೊಟ್ಟರು. ಅಂಡ ಬರಿದಾಗಿ, ಅದರೊಳಗೆ ತಂದೆಯ ಬೀಜವೊಂದೇ ಇಮ್ಮಡಿಯಾದಾಗ ಇದು ಹುಟ್ಟುತ್ತದೆ. ಹಾಗೆಂದು ತಂದೆಯನ್ನು ದೂರಬೇಕೆ? ಅದೂ ಸಲ್ಲದು. ಇದು ಫಲ ಕಟ್ಟುವ ಗಳಿಗೆಯಲ್ಲಿ ತಾನಾಗಿ ಆಗುವ ಎಡವಟ್ಟು. ತಿಂದ ಪಪ್ಪಾಯಿಗೂ ಹತ್ತಿದ ಮೆಟ್ಟಿಲಿಗೂ ಇದಕ್ಕೂ ಸಂಬಂಧವಿಲ್ಲ. ನಲವತ್ತು ದಾಟಿದ ಮೇಲೆ ಬಸುರಾಗುವವರಲ್ಲಿಯೂ ತೀರ ಎಳೆಯ ಪ್ರಾಯದವರಲ್ಲಿಯೂ ಹೆಚ್ಚು ಎಂಬುದು ತಿಳಿದ ಸಂಗತಿ.

ಈಗ ಹರಡುವ ಮಾತಿಗೆ ಬರೋಣ. ಮಂಗಳೂರಿನ ಬಂದರದವರಿಗೆ ಇದನ್ನು ತಿಳಿಸುವುದು ಸುಲಭ. ಹಳೆಯ ಬಂದರಿನ ದಕ್ಕೆಯಿಂದ ಮಂಜಿಗಳು ಸಿಮೆಂಟು, ಜಲ್ಲಿ, ದಿನಸಿ ಹೊತ್ತು ಅಳಿವೆ ದಾಟಿ ಲಕ್ಷದ್ವೀಪಕ್ಕೆ ಹೋಗುವುದನ್ನು ನೀವು ಕಂಡಿದ್ದೀರಿ. ಊರು ನೀರಿನ ಅಂಚಿನಲ್ಲೇ ಇದ್ದರೆ ಸರಕು ದೂರ ಹೋಗಲು ಅಡ್ಡಿಯೇನು? ಮಾಸಿನ ಜೀವಕೋಶಗಳದ್ದೂ ಹೀಗೆಯೇ. ಅವು ರಕ್ತನಾಳದ ಬಾಯಲ್ಲೇ ಮನೆ ಮಾಡಿಕೊಂಡಿರುವಂಥವು. ಕೆಟ್ಟುಹೋದೊಡನೆ ರಕ್ತದ ಹರಿವಿನಲ್ಲಿ ಹೊರಟುಬಿಡುತ್ತವೆ. ಗರ್ಭಕೋಶದಿಂದ ಹೊರಟ ರಕ್ತ ಹೃದಯಕ್ಕೆ ಬಂದು ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವುದರಿಂದ ಮೊದಲ ತಂಗುದಾಣ ಶ್ವಾಸಕೋಶ. ಹರಡಿದ ರೋಗಿಗಳಲ್ಲಿ ನೂರಕ್ಕೆ ಸುಮಾರು 80 ಮಂದಿಯಲ್ಲಿ ಅದು ಅಲ್ಲಿ ಕಾಣುತ್ತದೆ. ಯೋನಿಯಲ್ಲಿ ನೀಲಿಗೆಂಪು ಗಂಟಾಗಿ ಕಾಣುವುದು ಸುಮಾರು 30 ಮಂದಿಯಲ್ಲಿ. ಮಿದುಳಿಗೋ ಯಕೃತ್ತಿಗೋ ಹೋಗುವುದು ಸುಮಾರು 10 ಮಂದಿಯಲ್ಲಿ. ಅಪಾಯ ಹೆಚ್ಚಾಗಿರುವುದು ಇವರಿಗೇ.

ಇದರಿಂದ ಒಂದು ವಿಚಿತ್ರವಾದ ತೊಡಕು ಹುಟ್ಟುತ್ತದೆ. ರೋಗ ಗರ್ಭಕೋಶದ್ದು, ಗೋಳು ಇನ್ನೆಲ್ಲಿಯದೋ. ಉದಾಹರಣೆಗೆ ಬಂದರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ಗಲ್ಫಿನಲ್ಲಿ ದುಡಿಯುತ್ತಾನೆ. ಹೆಂಡತಿಗೆ ಇಪ್ಪತ್ತಾರು ವರ್ಷ. ಮೂರನೆಯ ತಿಂಗಳಲ್ಲಿ ಗರ್ಭ ಹೋಯಿತು, ಕ್ಲೀನ್ ಮಾಡಿಸಿದರು. "ವಾರಕ್ಕೊಮ್ಮೆ ಬಂದು ರಕ್ತ ಕೊಡಿ" ಎಂದು ಹೇಳಿ ಚೀಟಿ ಕೊಟ್ಟರು. ಆಕೆ ಸುಧಾರಿಸಿಕೊಳ್ಳಲು ತವರಿಗೆ ಹೋದಳು. ಚೀಟಿ ಗಂಡನ ಮನೆಯ ಕಪಾಟಿನಲ್ಲಿ ಉಳಿಯಿತು. ನಡುನಡುವೆ ರಕ್ತ ಕಾಣಿಸಿಕೊಂಡರೆ "ಮೈಯಲ್ಲಿ ಉಷ್ಣ" ಎಂದರು. ನಾಲ್ಕು ತಿಂಗಳ ಮೇಲೆ ಕೆಮ್ಮು ಬಂತು. "ಮಳೆಗಾಲದ ಕೆಮ್ಮು" ಎಂದರು. ಕಫದಲ್ಲಿ ರಕ್ತ ಕಂಡಾಗ ಹೆದರಿ ಎಕ್ಸ್‌ರೇ ತೆಗೆಸಿದರು. ಶ್ವಾಸಕೋಶದಲ್ಲಿ ಬಿಳಿಯ ಉಂಡೆಗಳು. ಕ್ಷಯವಿರಬೇಕೆಂದು ಅದಕ್ಕೆ ಔಷಧಿ ಶುರುವಾಯಿತು. ಕಳೆದ ಬಸಿರಿನ ಮಾತನ್ನು ಯಾರೂ ಎತ್ತಲಿಲ್ಲ. ಕೆಮ್ಮಿಗೂ ಬಸಿರಿಗೂ ಏನು ನಂಟೆಂದು ಆಕೆಯೂ ಹೇಳಲಿಲ್ಲ. ಈ ಮನೆ ಊಹೆಯದಾದರೂ ಇದರಲ್ಲಿ ನಡೆದುದು ಯಾವುದೂ ನಡೆಯಲಾರದ್ದಲ್ಲ. ಮಾಸಿನ ಕ್ಯಾನ್ಸರನ್ನು ಕ್ಷಯವೆಂದು ಎಣಿಸಿದ ಸಂದರ್ಭಗಳು ವೈದ್ಯಶಾಸ್ತ್ರದಲ್ಲಿ ಸಾಕಷ್ಟಿವೆ. ಅದೇ ಬಗೆಯಲ್ಲಿ ಎಳೆಯ ತಾಯಿಯೊಬ್ಬಳಿಗೆ ಇದ್ದಕ್ಕಿದ್ದಂತೆ ತಲೆನೋವು, ಫಿಟ್ಸ್, ಒಂದು ಮಗ್ಗುಲು ಸೋಲುವುದು ಕಾಣಿಸಿಕೊಂಡು, ಮೂಲ ಗರ್ಭಕೋಶದಲ್ಲಿದೆಯೆಂದು ತಡವಾಗಿ ತಿಳಿಯುವುದೂ ಉಂಟು.

ಇಷ್ಟು ಮರೆಯಲ್ಲಿ ಓಡಾಡುವ ರೋಗವನ್ನು ಹಿಡಿಯುವುದು ಹೇಗೆ? ಇಲ್ಲಿಯೇ ಇದರ ಸೋಜಿಗವಿರುವುದು. ಬೇರೆ ಕ್ಯಾನ್ಸರನ್ನು ನಿರ್ಧರಿಸಲು ಗಂಟಿನ ಚೂರು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಇಲ್ಲಿ ಬಹುಮಟ್ಟಿಗೆ ಅದು ಬೇಡ. ಯೋನಿಯ ಗಂಟನ್ನು ಚುಚ್ಚಿದರೆ ತಡೆಯಲಾಗದಷ್ಟು ರಕ್ತ ಹೋಗಬಹುದಾದ್ದರಿಂದ ಚುಚ್ಚಲೂಬಾರದು. ಈ ಕ್ಯಾನ್ಸರ್ ತನ್ನ ಇರವನ್ನು ತಾನೇ ಸಾರುತ್ತದೆ. ಮಾಸಿನ ಜೀವಕೋಶಗಳು ಎಲ್ಲೇ ಇರಲಿ, ಎಚ್.ಸಿ.ಜಿ. ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಯುತ್ತಿರುತ್ತವೆ. ಅದು ಮೂತ್ರದಲ್ಲಿಯೂ ಇಳಿಯುತ್ತದೆ. ಬಸಿರು ನಿಂತಿದೆಯೇ ಇಲ್ಲವೇ ಎಂದು ಔಷಧಿಯಂಗಡಿಯಿಂದ ತಂದು ನೋಡುವ ಪಟ್ಟಿಯಲ್ಲಿ ಗೆರೆ ಮೂಡಿಸುವುದು ಇದೇ ವಸ್ತು. 1928ರ ಸುಮಾರಿಗೆ ಬರ್ಲಿನ್ನಿನ ಆಶ್‌ಹೈಮ್ ಮತ್ತು ಜೋಂಡೆಕ್ ಎಂಬ ವೈದ್ಯರು ಹೆಂಗಸಿನ ಮೂತ್ರವನ್ನು ಇಲಿಗೆ ಚುಚ್ಚಿ ಬಸಿರನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಕಂಡುಹಿಡಿದರು. ಆ ಇಲಿಯ ಪರೀಕ್ಷೆಯ ಮೊಮ್ಮಗುವೇ ಇಂದಿನ ಈ ಪಟ್ಟಿ.

ಹೆರಿಗೆಯಾದ ಕೆಲವೇ ವಾರಗಳಲ್ಲಿ ಈ ಹಾರ್ಮೋನು ರಕ್ತದಿಂದ ಇಲ್ಲವಾಗಬೇಕು. ಬಸಿರೂ ಇಲ್ಲ, ಹಾರ್ಮೋನು ಮಾತ್ರ ಇದೆ, ಅದೂ ಏರುತ್ತಿದೆ ಎಂದಾದರೆ ಮಾಸಿನ ಜೀವಕೋಶಗಳು ಎಲ್ಲೋ ಬದುಕಿವೆ ಎಂದೇ ಅರ್ಥ. ದ್ರಾಕ್ಷಿಬಸಿರಿನ ಅನಂತರ ವಾರ ವಾರವೂ ರಕ್ತ ನೋಡಬೇಕೆನ್ನುವುದು ಇದಕ್ಕಾಗಿಯೇ. ಅಂಕೆ ಇಳಿಯುತ್ತ ಹೋಗಿ ಆರೋಗ್ಯವಂತರ ಮಟ್ಟಕ್ಕೆ ಬಂದರೆ ಸಂತೋಷ. ಮೂರು ವಾರಗಳವರೆಗೆ ನಾಲ್ಕು ಸಲ ನೋಡಿದರೂ ಇಳಿಯದೆ ನಿಂತಲ್ಲೇ ನಿಂತರೆ, ಅಥವಾ ಎರಡು ವಾರಗಳಲ್ಲಿ ಮೂರು ಸಲವೂ ಏರುತ್ತಲೇ ಇದ್ದರೆ, ಗಂಟು ಕಣ್ಣಿಗೆ ಕಾಣದಿದ್ದರೂ ಔಷಧಿ ಆರಂಭಿಸುತ್ತಾರೆ. ಈ ಪರೀಕ್ಷೆ ನಡೆಯುತ್ತಿರುವಷ್ಟು ಕಾಲ ಮತ್ತೆ ಬಸುರಾಗಬಾರದೆಂದು ವೈದ್ಯರು ಹೇಳುವುದೇಕೆಂಬುದು ಈಗ ನಿಮಗೆ ಹೊಳೆದಿರಬೇಕು. ಹೊಸ ಬಸಿರಿನಿಂದಲೂ ಅದೇ ಹಾರ್ಮೋನು ಏರುತ್ತದೆ. ಏರಿದ್ದು ಮಗುವಿನಿಂದಲೋ ರೋಗದಿಂದಲೋ ಎಂದು ಹೇಳುವುದು ಕಷ್ಟವಾಗುತ್ತದೆ.

ರೋಗ ನಿಶ್ಚಯವಾದ ಮೇಲೆ ಅದು ಎಲ್ಲೆಲ್ಲಿ ಹೋಗಿದೆ ಎಂದು ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್, ಬೇಕಾದರೆ ಮಿದುಳಿನ ಸ್ಕ್ಯಾನ್ ಮಾಡಿ ನೋಡುತ್ತಾರೆ. ಬಳಿಕ ಶಾಲೆಯ ಮೇಷ್ಟ್ರು ಅಂಕ ಹಾಕುವಂತೆ ಅಂಕ ಹಾಕುತ್ತಾರೆ. ರೋಗಿಯ ವಯಸ್ಸೆಷ್ಟು, ಹಿಂದಿನದು ದ್ರಾಕ್ಷಿಬಸಿರೋ ಗರ್ಭಪಾತವೋ ಹೆರಿಗೆಯೋ, ಅದಾಗಿ ಎಷ್ಟು ತಿಂಗಳಾಯಿತು, ಹಾರ್ಮೋನಿನ ಅಂಕೆ ಎಷ್ಟು, ಗಂಟು ಎಷ್ಟು ದೊಡ್ಡದು, ಎಲ್ಲಿ ಎಷ್ಟು ಕಡೆ ಹರಡಿದೆ, ಮೊದಲು ಕೊಟ್ಟ ಔಷಧಿ ಸೋತಿದೆಯೇ — ಪ್ರತಿಯೊಂದಕ್ಕೂ ಇಷ್ಟಿಷ್ಟು ಅಂಕ. ಈ ಪರೀಕ್ಷೆಯಲ್ಲಿ ಮಾತ್ರ ಅಂಕ ಕಡಮೆಯಾದಷ್ಟೂ ಒಳ್ಳೆಯದು. 6 ಅಥವಾ ಅದಕ್ಕಿಂತ ಕಡಮೆಯಾದರೆ ಸೌಮ್ಯ ಗುಂಪು. 7 ಅಥವಾ ಅದಕ್ಕೂ ಮೇಲಾದರೆ ತೀವ್ರ ಗುಂಪು. ಶ್ವಾಸಕೋಶಕ್ಕೆ ಹರಡಿದ್ದರೂ ಸೌಮ್ಯ ಗುಂಪಿನಲ್ಲೇ ಉಳಿಯುವವರು ಅನೇಕರಿದ್ದಾರೆ ಎಂಬುದನ್ನು ಗಮನಿಸಿ.

ಔಷಧಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಅದರಲ್ಲಿ ನಮ್ಮ ದೇಶದ ಪಾಲೂ ಇದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಭಾರತಕ್ಕೆ ಬಂದು, ಮುಂಬಯಿಯ ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಈಸ್ಟಿನಿಂದ ತೆಗೆದ ಸಾರವನ್ನು ತಿನ್ನಿಸಿದರೆ ಅದು ಗುಣವಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವೇ ಫೋಲಿಕ್ ಆಮ್ಲ. ಇಂದು ಬಸುರಿಯರಿಗೆಲ್ಲ ಕೊಡುವ ಮಾತ್ರೆ. ಜೀವಕೋಶ ಒಂದು ಎರಡಾಗಬೇಕಾದರೆ ಈ ಆಮ್ಲ ಬೇಕೇ ಬೇಕು. ಆಂಧ್ರದ ಭೀಮವರದಲ್ಲಿ 1895ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯ ಕಲಿತು, ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರು ಲೆಡರ್ಲೆ ಸಂಸ್ಥೆಯ ಸಂಶೋಧನಾಲಯದಲ್ಲಿ ತಮ್ಮ ಸಂಗಡಿಗರೊಡನೆ ಈ ಆಮ್ಲವನ್ನು ತಯಾರಿಸಿದರು. ಅದನ್ನೇ ಹೋಲುವ, ಆದರೆ ಅದರ ಕೆಲಸವನ್ನು ಕೆಡಿಸುವ ಔಷಧಿಗಳೂ ಅದೇ ಸಂಶೋಧನಾಲಯದಿಂದ ಬಂದವು. ನಕಲಿ ಕೀಲಿಕೈ ಬೀಗದಲ್ಲಿ ಸಿಕ್ಕಿಕೊಂಡರೆ ನಿಜವಾದ ಕೈಯೂ ಒಳಗೆ ಹೋಗದಲ್ಲವೆ? ಹಾಗೆ. ಮೆಥೋಟ್ರೆಕ್ಸೇಟ್ ಅಂಥದೊಂದು ನಕಲಿ ಕೀಲಿಕೈ.

ಸುಬ್ಬರಾವ್ ಅವರು 1948ರಲ್ಲಿ ತೀರಿಕೊಂಡರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ, ಚೀನಾದಲ್ಲಿ ಹುಟ್ಟಿದ ಮಿನ್ ಚಿಯು ಲೀ ಮತ್ತು ಅವರ ಹಿರಿಯರಾದ ರಾಯ್ ಹರ್ಟ್ಸ್ ಮೆಥೋಟ್ರೆಕ್ಸೇಟನ್ನು ಹರಡಿದ ಮಾಸಿನ ಕ್ಯಾನ್ಸರಿಗೆ ಕೊಟ್ಟು, ಅದರ ಫಲವನ್ನು 1956ರಲ್ಲಿ ಪ್ರಕಟಿಸಿದರು. ಶ್ವಾಸಕೋಶದ ಉಂಡೆಗಳು ಎಕ್ಸ್‌ರೇಯಲ್ಲಿ ಕರಗಿಹೋದುವು. ಗಂಟು ಕಟ್ಟಿ ಹರಡಿದ ಕ್ಯಾನ್ಸರೊಂದು ಬರಿಯ ಔಷಧಿಯಿಂದ ಗುಣವಾದದ್ದು ಅದೇ ಮೊದಲು. ಆದರೆ ಲೀ ಅಲ್ಲಿಗೆ ನಿಲ್ಲಿಸಲಿಲ್ಲ. ಗಂಟು ಮಾಯವಾಗಿ ರೋಗಿ ಚೇತರಿಸಿಕೊಂಡಿದ್ದರೂ ಮೂತ್ರದಲ್ಲಿ ಹಾರ್ಮೋನು ಇನ್ನೂ ಕೊಂಚ ಉಳಿದಿದೆಯೆಂದು ಮತ್ತೆ ಮತ್ತೆ ಔಷಧಿ ಕೊಟ್ಟರು. ಕಣ್ಣಿಗೆ ಕಾಣದ ರೋಗಕ್ಕೆ ಇಷ್ಟು ಕಟುವಾದ ಔಷಧಿ ಏಕೆಂದು ಮೇಲಿನವರಿಗೆ ಸರಿಬರಲಿಲ್ಲ. ಲೀ ಆ ಸಂಸ್ಥೆಯಿಂದ ಹೊರಬೀಳಬೇಕಾಯಿತು. ಕಾಲ ಕಳೆದಂತೆ, ಅಂಕೆ ಪೂರ್ತಿ ಇಳಿಯುವವರೆಗೆ ಔಷಧಿ ಪಡೆದವರಿಗೆ ರೋಗ ಮರಳಲಿಲ್ಲವೆಂದು ಕಂಡುಬಂತು. 1972ರಲ್ಲಿ ಲೀ ಮತ್ತು ಹರ್ಟ್ಸ್ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿಯ ಗೌರವ ದೊರೆಯಿತು.

ಬಂದರಿನ ಮಂಡಿ ವ್ಯಾಪಾರಿಗಳು ಇದನ್ನು ಒಂದೇ ಮಾತಿನಲ್ಲಿ ಹೇಳಿಯಾರು: ಸರಕು ಕಣ್ಣಮುಂದಿನಿಂದ ಹೋದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ, ಪುಸ್ತಕದಲ್ಲಿ ಬಾಕಿ ಸೊನ್ನೆಯಾದಾಗಲೇ ಚುಕ್ತಾ. ಮಾಸಿನ ಕ್ಯಾನ್ಸರಿನ ಚಿಕಿತ್ಸೆಯೆಲ್ಲ ಈ ನಿಯಮದ ಮೇಲೆ ನಿಂತಿದೆ.

ಸೌಮ್ಯ ಗುಂಪಿನವರಿಗೆ ಸಾಮಾನ್ಯವಾಗಿ ಒಂದೇ ಔಷಧಿ, ಮೆಥೋಟ್ರೆಕ್ಸೇಟ್ ಅಥವಾ ಆಕ್ಟಿನೋಮೈಸಿನ್. ಮೆಥೋಟ್ರೆಕ್ಸೇಟನ್ನು ಕೊಡುವ ಒಂದು ಕ್ರಮ ಹೀಗಿದೆ: 1, 3, 5, 7ನೆಯ ದಿನಗಳಲ್ಲಿ ಇಂಜೆಕ್ಷನ್, 2, 4, 6, 8ನೆಯ ದಿನಗಳಲ್ಲಿ ಮೈಯ ಒಳ್ಳೆಯ ಜೀವಕೋಶಗಳನ್ನು ಕಾಪಾಡಲು ಫೋಲಿನಿಕ್ ಆಮ್ಲ. ಎರಡು ವಾರಕ್ಕೊಮ್ಮೆ ಇದೇ ಸುತ್ತು. ಬಾಯಿಹುಣ್ಣು, ಕಣ್ಣುರಿ ಬರಬಹುದು. ತಲೆಗೂದಲು ಸಾಮಾನ್ಯವಾಗಿ ಉದುರುವುದಿಲ್ಲ. ಅಂಕೆ ಆರೋಗ್ಯವಂತರ ಮಟ್ಟಕ್ಕೆ ಬಂದ ಮೇಲೂ ಇನ್ನು ಮೂರು ಸುತ್ತು, ಎಂದರೆ ಆರು ವಾರ, ಔಷಧಿ ನಡೆಯಬೇಕು. ಅಳತೆಗೆ ಸಿಕ್ಕದಷ್ಟು ಕಡಮೆ ಉಳಿದಿರಬಹುದಾದದ್ದನ್ನು ತೊಡೆಯುವುದಕ್ಕಾಗಿ ಇದು. ಒಂದು ಔಷಧಿ ಸಾಲದೆ ಬಂದರೆ ಇನ್ನೊಂದಕ್ಕೆ ಬದಲಾಯಿಸುತ್ತಾರೆ. ಹೀಗೆ ಮಾಡಿದಾಗ ಈ ಗುಂಪಿನವರು ಹೆಚ್ಚುಕಡಮೆ ಎಲ್ಲರೂ ಗುಣವಾಗುತ್ತಾರೆ.

ತೀವ್ರ ಗುಂಪಿನವರಿಗೆ ಒಂದು ಔಷಧಿ ಸಾಲದು. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ರೂಪುಗೊಂಡ, ಐದು ಔಷಧಿಗಳನ್ನು ವಾರ ಬಿಟ್ಟು ವಾರ ಹಂಚಿ ಕೊಡುವ ಕ್ರಮ ಈಗ ಎಲ್ಲೆಡೆ ಬಳಕೆಯಲ್ಲಿದೆ. ಆ ಐದರಲ್ಲಿ ವಿನ್‌ಕ್ರಿಸ್ಟಿನ್ ಎಂಬುದು ನಮ್ಮ ಅಂಗಳಗಳಲ್ಲಿ ಬಿಳಿಯ, ನಸುಗೆಂಪಿನ ಹೂಬಿಡುವ ನಿತ್ಯಪುಷ್ಪದ ಗಿಡದಿಂದ ಬಂದದ್ದು. ಹಾಗೆಂದು ಯಾರೂ ಅದರ ಎಲೆ ಕುದಿಸಿ ಕುಡಿಸಲು ಹೋಗಬೇಡಿ. ಗಿಡದಲ್ಲಿ ವಿಷವೂ ಇದೆ, ಅಳತೆಯೂ ಸಿಕ್ಕದು. ಈ ಚಿಕಿತ್ಸೆಯಲ್ಲಿ ಕೂದಲು ಉದುರುತ್ತದೆ, ಮತ್ತೆ ಬರುತ್ತದೆ. ಬಿಳಿ ರಕ್ತಕಣ ತಗ್ಗುವುದರಿಂದ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ರೋಗ ಬಹಳ ಹರಡಿ ರೋಗಿ ಬಳಲಿದ್ದರೆ ಮೊದಲು ಸ್ವಲ್ಪ ಸ್ವಲ್ಪವಾಗಿ ಔಷಧಿ ಕೊಟ್ಟು, ಆಮೇಲೆ ಪೂರ್ಣ ಪ್ರಮಾಣಕ್ಕೆ ಹೋಗುತ್ತಾರೆ. ಗಂಟುಗಳು ಒಮ್ಮೆಗೇ ಕುಸಿದರೆ ಒಳಗೆ ರಕ್ತಸ್ರಾವವಾದೀತೆಂಬ ಮುಂಜಾಗರೂಕತೆ ಅದು. ಇಂಥವರಲ್ಲಿಯೂ ಅನುಭವವುಳ್ಳ ಕೇಂದ್ರಗಳಲ್ಲಿ ನೂರಕ್ಕೆ ಸುಮಾರು 90 ಮಂದಿ ಉಳಿಯುತ್ತಾರೆ. ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ತಡವಾಗಿ, ಮಿದುಳಿಗೋ ಯಕೃತ್ತಿಗೋ ಹರಡಿದ ಮೇಲೆ ಬಂದವರು; ಇಲ್ಲವೇ ನಡುವೆ ಚಿಕಿತ್ಸೆ ಬಿಟ್ಟವರು.

"ಗರ್ಭಕೋಶವನ್ನೇ ತೆಗೆಸಿಬಿಟ್ಟರೆ ಪೀಡೆ ಹೋಯಿತಲ್ಲ?" ಎಂದು ಮನೆಯ ಹಿರಿಯರು ಕೇಳುವುದು ಸಹಜ. ಊರು ಬಿಟ್ಟ ಮಂಜಿ ದಕ್ಕೆಯನ್ನು ಮುಚ್ಚಿದರೆ ಹಿಂದಕ್ಕೆ ಬರುತ್ತದೆಯೆ? ಹರಡಿದ ರೋಗಕ್ಕೆ ರಕ್ತದ ಮೂಲಕ ಎಲ್ಲೆಡೆಗೂ ಹೋಗುವ ಔಷಧಿಯೇ ಬೇಕು. ಮಕ್ಕಳು ಸಾಕೆನಿಸಿದ ಕೆಲವರಿಗೆ, ಅಥವಾ ರಕ್ತಸ್ರಾವ ನಿಲ್ಲದಿದ್ದಾಗ, ಶಸ್ತ್ರಚಿಕಿತ್ಸೆ ನೆರವಾದೀತು. ಆದರೆ ಮಗು ಬೇಕೆಂಬ ಇಪ್ಪತ್ತರ ಮೂವತ್ತರ ಹರೆಯದ ಹೆಣ್ಣಿಗೆ ಅವಸರದಲ್ಲಿ ಗರ್ಭಕೋಶ ತೆಗೆಸಬೇಕಾಗಿಲ್ಲ. ಚಿಕಿತ್ಸೆ ಮುಗಿದು ಒಂದು ವರ್ಷ ತಿಂಗಳು ತಿಂಗಳೂ ರಕ್ತ ನೋಡಿಸಿಕೊಂಡು, ವೈದ್ಯರ ಒಪ್ಪಿಗೆ ಪಡೆದು ಬಸುರಾದವರು ಬಹುಮಂದಿ ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ. ದ್ರಾಕ್ಷಿಬಸಿರು ಮರಳುವುದು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಮಾತ್ರ. ಆದ್ದರಿಂದ ಇಂಥ ಹುಡುಗಿಯನ್ನು ಬಂಜೆಯೆಂದು ಎಣಿಸಿ ಗಂಡನಿಗೆ ಇನ್ನೊಂದು ಸಂಬಂಧ ನೋಡುವ ಮಾತು ತಿಳಿವಳಿಕೆ ಇಲ್ಲದ್ದು, ಕ್ರೂರವಾದದ್ದು ಕೂಡ.

ಇನ್ನು ಮನೆಯವರ ಪಾಲಿನ ಕೆಲಸ. ಕ್ಲೀನ್ ಮಾಡಿಸಿದಾಗ ತೆಗೆದ ಅಂಶವನ್ನು ಪರೀಕ್ಷೆಗೆ ಕಳುಹಿಸಿದರೆ ಅದರ ವರದಿಯನ್ನು ಕೇಳಿ ಪಡೆಯಿರಿ. ಮೋಲ್ ಎಂದು ಬರೆದಿದ್ದರೆ ರಕ್ತಪರೀಕ್ಷೆಯ ತಾರೀಕುಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತಿಸಿ. ಅಂಕೆ ಸರಿಹೋದ ಮೇಲೂ ವೈದ್ಯರು ಹೇಳಿದಷ್ಟು ತಿಂಗಳು ತಪ್ಪಿಸಬೇಡಿ. ಹೆಣ್ಣು ತವರಿಗೆ ಹೋಗುವುದಾದರೆ ಚೀಟಿಯೂ ಅವಳ ಸಂಗಡ ಹೋಗಲಿ. ಈ ರಕ್ತಪರೀಕ್ಷೆ ತಾಲೂಕು ಪಟ್ಟಣಗಳಲ್ಲಿಯೂ ಆಗುತ್ತದೆ. ಆದಷ್ಟು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿದರೆ ಅಂಕೆಗಳನ್ನು ಹೋಲಿಸುವುದು ಸುಲಭ. ಗಂಡ ಪರದೇಶದಲ್ಲಿದ್ದರೆ ಫೋನಿನಲ್ಲಿ "ಊಟವಾಯಿತೆ" ಎಂದು ಕೇಳುವಾಗ "ಈ ವಾರದ ಅಂಕೆ ಎಷ್ಟು" ಎಂದೂ ಕೇಳಲಿ. ಮೆಥೋಟ್ರೆಕ್ಸೇಟ್ ನಡೆಯುತ್ತಿರುವಾಗ ಶಕ್ತಿ ಬರಲೆಂದು ಟಾನಿಕ್ಕನ್ನೋ ಫೋಲಿಕ್ ಆಮ್ಲದ ಮಾತ್ರೆಯನ್ನೋ ನೀವಾಗಿ ಕೊಡಬೇಡಿ. ಔಷಧಿಯ ಕೆಲಸವನ್ನು ಅದು ಕೆಡಿಸೀತು. ಎಲ್ಲಕ್ಕಿಂತ ಮುಖ್ಯವಾದದ್ದು: ಹೆರಿಗೆ ಅಥವಾ ಗರ್ಭಪಾತವಾಗಿ ಆರು ಎಂಟು ವಾರ ಕಳೆದರೂ ಅಕಾಲದಲ್ಲಿ ರಕ್ತಸ್ರಾವವಾಗುತ್ತಿದ್ದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಕಾರಣವಿಲ್ಲದೆ ಏದುಸಿರು, ತಲೆನೋವು, ಫಿಟ್ಸ್ ಕಾಣಿಸಿಕೊಂಡರೆ, ನೋಡುವ ವೈದ್ಯರು ಯಾವ ಅಂಗದವರೇ ಆಗಿರಲಿ, "ಇಂಥ ತಿಂಗಳಲ್ಲಿ ಈಕೆಗೆ ಬಸಿರಾಗಿತ್ತು" ಎಂದು ನೀವೇ ಹೇಳಿ. ವರ್ಷ ಕಳೆದಿದ್ದರೂ ಹೇಳಿ. ಆ ಒಂದು ವಾಕ್ಯದಿಂದ ಒಂದು ಸಣ್ಣ ರಕ್ತಪರೀಕ್ಷೆ. ಆ ಪರೀಕ್ಷೆಯಿಂದ ಒಂದು ಜೀವ.

ಇದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಬಂದರಿನಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಹೆಂಗಸರ ಸರಕಾರಿ ಆಸ್ಪತ್ರೆ ಲೇಡಿಗೋಷನ್ ಇದೆ. ಹಂಪನಕಟ್ಟೆಯ ಆಚೆ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆ ಇದೆ. 1955ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ತಲೆಮಾರುಗಳಿಂದ ಕಲಿತದ್ದು ಈ ಎರಡು ಆಸ್ಪತ್ರೆಗಳ ವಾರ್ಡುಗಳಲ್ಲಿಯೇ. ಕಂಕನಾಡಿಯ ಫಾದರ್ ಮುಲ್ಲರ್ ಮೊದಲಾದ ಬೋಧನಾ ಆಸ್ಪತ್ರೆಗಳೂ ಊರಿನಲ್ಲಿವೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. ಖರ್ಚಿನ ಭಯದಿಂದ ಹಿಂಜರಿಯುವವರು 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ವಿಷಯವನ್ನು ಆಸ್ಪತ್ರೆಯಲ್ಲಿ ವಿಚಾರಿಸಬೇಕು; ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಯಲ್ಲಿರಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ನಾನು ಹೇಳಿದ್ದು ಮಾಸಿನ ಕ್ಯಾನ್ಸರಿನ ಮಾತು. ಗರ್ಭಕೋಶದ ಕೊರಳಿನ, ಒಳಪದರದ, ಮಾಂಸಖಂಡದ ಕ್ಯಾನ್ಸರುಗಳು ಬೇರೆಯವು. ಹರಡಿದ ಮೇಲೆ ಅವು ಇಷ್ಟು ಸುಲಭವಾಗಿ ಮಣಿಯುವುದಿಲ್ಲ. ಆದ್ದರಿಂದ ಯಾವ ರಕ್ತಸ್ರಾವವನ್ನೂ, ಅದರಲ್ಲಿಯೂ ಮುಟ್ಟು ನಿಂತ ಮೇಲಿನದನ್ನು, ನಾಚಿಕೆಯಿಂದ ಮುಚ್ಚಿಡಬಾರದು. ರೋಗ ಯಾವುದೆಂದು ತಿಳಿಯುವ ಮೊದಲೇ ಧೈರ್ಯ ಹೇಳುವುದೂ ತಪ್ಪು, ಆಸೆ ಬಿಡುವುದೂ ತಪ್ಪು. ತಿಳಿದ ಮೇಲೆ ಅದು ಮಾಸಿನ ಕ್ಯಾನ್ಸರೆಂದಾದರೆ, "ಹರಡಿದೆ" ಎಂಬ ಮಾತು ಕೇಳಿ ಕುಸಿಯಬೇಡಿ. ಅಂಕೆ ಸೊನ್ನೆಯ ಕಡೆಗೆ ಇಳಿಯುವುದನ್ನು ವಾರ ವಾರವೂ ಬರೆದಿಡಿ. ಬಾಕಿ ಚುಕ್ತಾ ಆಯಿತೆಂದು ವೈದ್ಯರು ಹೇಳುವವರೆಗೆ ಪುಸ್ತಕ ಮುಚ್ಚಬೇಡಿ.